ಮೊಣಕಾಲುದ್ದ ನೀರಿನಲ್ಲಿ ಚಾಚಿದ ಕೈ: ದಡದ ಡೈವ್‌ನ ಒಂದು ಪ್ರಕರಣ

ದೋಣಿಯಿಲ್ಲದೆ, ಗಾಳಿಯ ಸಿಲಿಂಡರ್ ಹೊತ್ತು ದಡದಿಂದಲೇ ನಡೆದು ಸಮುದ್ರಕ್ಕಿಳಿದ ಈ ಡೈವ್‌ನಲ್ಲಿ ನೀರಿನಡಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. 14 ಮೀಟರ್ ಆಳ, 50 ನಿಮಿಷ, ತಿಳಿಯಾದ ನೀರು. ನಡೆದದ್ದೆಲ್ಲ ಕೊನೆಯ ಇಪ್ಪತ್ತು ಮೀಟರ್‌ನಲ್ಲಿ. ಅದೂ ಎದ್ದು ನಿಂತರೆ ಮೊಣಕಾಲು ಮುಟ್ಟುವ ನೀರಿನಲ್ಲಿ.

ನಾವು ನಾಲ್ವರಿದ್ದೆವು. ಹೆಸರು, ಜಾಗ, ದಿನ ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಾಯಿಸಿದ್ದೇನೆ. ಉಳಿದ ಮೂವರೂ ಇದನ್ನು ಓದಿ, ಅಲ್ಲಲ್ಲಿ ತಿದ್ದಿ, ಸರಿ ಅಂದಿದ್ದಾರೆ. ಎಡವಟ್ಟಿನ ದೊಡ್ಡ ಪಾಲು ನನ್ನದೇ. ಹಾಗಾಗಿ ಬರೆಯೋದು ಸ್ವಲ್ಪ ಸುಲಭವಾಯಿತು.

ಹಿನ್ನೆಲೆ

ಒಬ್ಬರು ಅರವತ್ತು ದಾಟಿದವರು. ಉಳಿದ ಮೂವರ ಡೈವ್ ಸೇರಿಸಿದರೂ ಅವರ ಲೆಕ್ಕಕ್ಕೆ ಸಮ ಬರೋದಿಲ್ಲ. ಒಂದು ಮೊಣಕಾಲಿಗೆ ಆಪರೇಷನ್ ಆಗಿದೆ. ಅವರನ್ನು ಇಲ್ಲಿ ‘ಹಿರಿಯರು’ ಅನ್ನುತ್ತೇನೆ. ಇನ್ನೊಬ್ಬರು ನೀರಿನಡಿ ಫೋಟೋ ತೆಗೆಯುವವರು, ನಮ್ಮಲ್ಲೆಲ್ಲ ಗಟ್ಟಿ ಈಜುಗಾರ್ತಿ. ಅವರ ಕ್ಯಾಮೆರಾಗೆ ಎರಡು ಫ್ಲಾಶ್ ಇವೆ. ಹಿಡಿಯೋಕೆ ಎರಡೂ ಕೈ ಬೇಕು. ಅವರು ‘ಮೇಡಂ’. ಮೂರನೆಯವನು ಹೊಸಬ. ಇಪ್ಪತ್ತು ಡೈವ್ ಆಗಿತ್ತು, ಎಲ್ಲವೂ ದೋಣಿಯಿಂದ. ದೋಣಿ ಅಂದರೆ ಅಂಚಿನಲ್ಲಿ ಕೂತು ಹಿಂದಕ್ಕೆ ಉರುಳಿದರೆ ಆಯಿತು, ಮುಗಿದ ಮೇಲೆ ಏಣಿ ಹತ್ತಿದರೆ ಆಯಿತು. ಸಿಲಿಂಡರ್ ಹೊತ್ತು ಅಲೆಗಳ ನಡುವೆ ನಡೆದ ಅನುಭವ ಅವನಿಗಿರಲಿಲ್ಲ. ನಾಲ್ಕನೆಯವನು ನಾನು. ಡೈವ್ ಏರ್ಪಾಡು ಮಾಡಿದವನೂ ನಾನೇ. ಹಿರಿಯರು ಮತ್ತು ಮೇಡಂ ಒಂದು ಜೋಡಿ, ಹೊಸಬ ಮತ್ತು ನಾನು ಇನ್ನೊಂದು.

ದಡ ಚಿಕ್ಕದು, ಪೂರ್ತಿ ಉರುಟು ಕಲ್ಲು. ಎಡಕ್ಕೂ ಬಲಕ್ಕೂ ನೀರಿನೊಳಗೆ ಚಾಚಿದ ಬಂಡೆ ಸಾಲು. ನಡುವೆ ನಾಲ್ಕೈದು ಮೀಟರ್ ಅಗಲದ ಮರಳಿನ ಓಣಿ. ಸುಮಾರು 300 ಮೀಟರ್ ಆಚೆ ಒಂದು ಗುಡ್ಡ ಸಮುದ್ರಕ್ಕೆ ಮೂಗು ಚಾಚಿದೆ. ಅದರ ಮರೆಯಲ್ಲಿ ಉದ್ದನೆಯ ಮರಳ ದಂಡೆ. ಓಣಿಯಿಂದ ಇಳಿಯೋದು, ಓಣಿಯಿಂದಲೇ ಹತ್ತೋದು ಅಂತ ಮಾತಾಯಿತು. “ಹೆಚ್ಚುಕಮ್ಮಿ ಆದ್ರೆ ಆ ಕಡೆ ಇದೆಯಲ್ಲ” ಅಂತ ನಾನು ಮರಳ ದಂಡೆಯತ್ತ ಗಲ್ಲ ಎತ್ತಿದೆ. ನಮ್ಮ ಎರಡನೇ ಪ್ಲಾನ್ ಅಂದರೆ ಅಷ್ಟೇ. ಯಾರೂ ದಿಕ್ಸೂಚಿ ನೋಡಲಿಲ್ಲ, ಯಾರೂ ಅಲ್ಲಿಗೆ ನಡೆದು ಹೋಗಿ ನೋಡಲಿಲ್ಲ.

ಉಬ್ಬರ ತುಂಬಿದ ಹೊತ್ತಿಗೆ, ಅಂದರೆ ಬೆಳಿಗ್ಗೆ 7:30ಕ್ಕೆ ಇಳಿಯಬೇಕಿತ್ತು. ಕ್ಯಾಮೆರಾ ಜೋಡಣೆ, ಹೊಸಬನ ಬೆಲ್ಟ್ ಸರಿ ಮಾಡೋದು, ಮರೆತ ಬೂಟು ತರೋಕೆ ಇನ್ನೊಂದು ಓಡಾಟ. ಇಳಿದಾಗ 9 ಗಂಟೆ. ಒಂದೂವರೆ ಗಂಟೆ ತಡ ಆಯಿತಲ್ಲ ಅಂತ ಯಾರಿಗೂ ಚಿಂತೆ ಆಗಲಿಲ್ಲ. ಆಗಬೇಕಿತ್ತು. ಇಳಿತ ಒಂದೇ ವೇಗದಲ್ಲಿ ಆಗೋದಿಲ್ಲ. ಆರು ಗಂಟೆಯ ಇಳಿತವನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಇಳಿಯೋದು 1 ಪಾಲು, ಎರಡನೆಯದರಲ್ಲಿ 2. ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ತಲಾ 3 ಪಾಲು. ಅಂದಾಜಿನ ಲೆಕ್ಕವೇ, ಆದರೆ ಕೆಲಸಕ್ಕೆ ಬರುತ್ತೆ. ನಾವು ಹೊರಬರೋದು ನೀರು ಸರಸರ ಇಳಿಯುವ ಹೊತ್ತಿಗೇ ಅಂತ ಅದು ಮೊದಲೇ ಹೇಳುತ್ತಿತ್ತು. ಆ ದಿನ ಉಬ್ಬರ–ಇಳಿತದ ನಡುವಿನ ಅಂತರ ಎರಡೂವರೆ ಮೀಟರ್. ನಾವು ನೀರಿನಲ್ಲಿದ್ದಷ್ಟು ಹೊತ್ತಿನಲ್ಲೇ ಅರ್ಧ ಮೀಟರ್‌ಗಿಂತ ಜಾಸ್ತಿ ಇಳಿದಿತ್ತು.

ಸಮುದ್ರ ನೋಡಿದೆವಾ? ನೋಡಿದೆವು, ಐದು ನಿಮಿಷ. ಸೂಟ್ ಹಾಕಿಕೊಂಡು ಬೆವರು ಸುರಿಸುತ್ತಾ ನಿಂತವರು ಅದಕ್ಕಿಂತ ಜಾಸ್ತಿ ಹೊತ್ತು ಸಮುದ್ರ ನೋಡೋದಿಲ್ಲ. ಆ ಐದು ನಿಮಿಷದಲ್ಲಿ ಕಂಡದ್ದು ಮೊಣಕಾಲೆತ್ತರದ ಸಣ್ಣ ಅಲೆಗಳು. ಎರಡು ಗುಂಪುಗಳ ನಡುವಿನ ಬಿಡುವನ್ನೇ ನಾವು ಸಮುದ್ರ ಅಂದುಕೊಂಡೆವು. ದೂರದ ಗಾಳಿ ಎಬ್ಬಿಸಿದ ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದೋ ಏಳೆಂಟೋ ದೊಡ್ಡವು ಒಟ್ಟಿಗೆ, ಆಮೇಲೆ ಎಷ್ಟೋ ನಿಮಿಷ ಸುಮ್ಮನೆ. ಬಿಡುವಿನಲ್ಲಿ ನೋಡಿದರೆ ಏನೂ ತಿಳಿಯೋದಿಲ್ಲ.

ಇಳಿದದ್ದು

ಇಳಿಯೋದು ಎಷ್ಟು ಚೆನ್ನಾಗಿ ಆಯಿತು ಅಂದರೆ, ಮುಂದಿನ ತೊಂದರೆಗೆ ಅದೇ ಬೀಜ ಅಂತ ನನಗೆ ಈಗ ಅನಿಸುತ್ತದೆ.

ಹೊಸಬ ದಡದಲ್ಲೇ ಫಿನ್ (ಈಜೋಕೆ ಕಾಲಿಗೆ ಹಾಕುವ ರೆಕ್ಕೆ) ಹಾಕಿ ಮುಂದಕ್ಕೆ ಹೆಜ್ಜೆ ಇಡೋಕೆ ಹೊರಟ. ಹಿರಿಯರು ತಡೆದರು. “ತಮ್ಮಾ, ಅದು ಬಾತುಕೋಳಿ ನಡಿಗೆ. ಮುಗ್ಗರಿಸ್ತೀಯ. ಫಿನ್ ಕೈಯಲ್ಲಿರಲಿ.” ಮಾಸ್ಕ್ ಹಾಕಿ, ಸಿಲಿಂಡರ್‌ನಿಂದ ಉಸಿರಾಡುವ ರೆಗ್ಯುಲೇಟರ್ ಬಾಯಿಗಿಟ್ಟು, ಬಿಸಿಡಿಗೆ, ಅಂದರೆ ತೇಲೋಕೆ ಹಾಕುವ ಗಾಳಿ ಜಾಕೆಟ್‌ಗೆ, ಸ್ವಲ್ಪ ಗಾಳಿ ತುಂಬಿ ಸೊಂಟದ ನೀರಿಗೆ ಹೋದೆವು. ಕಾಲೆತ್ತಿ ಇಡಲಿಲ್ಲ, ಪಾದವನ್ನು ಮರಳಿನ ಮೇಲೆ ಸವರಿಕೊಂಡೇ ನಡೆದೆವು. ಹಾಗೆ ನಡೆದರೆ ಗುಂಡಿ ಸಿಕ್ಕಿದರೂ ಮುಗ್ಗರಿಸೋದಿಲ್ಲ, ಮರಳಲ್ಲಿ ಅಡಗಿದ ತೊರಕೆ ಮೀನು ಇದ್ದರೂ ತುಳಿಯೋ ಮೊದಲೇ ಜಾಗ ಬಿಡುತ್ತದೆ. ಅಲ್ಲಿ ನಾನು ಸಮುದ್ರದ ಕಡೆ ಮುಖ ಮಾಡಿ ಕಾಲಗಲಿಸಿ ನಿಂತೆ. ಹೊಸಬ ಎಡಗೈ ನನ್ನ ಹೆಗಲ ಮೇಲಿಟ್ಟ, ಒಂದು ಕಾಲು ಇನ್ನೊಂದರ ಮೇಲೆ ಅಡ್ಡ ಹಾಕಿ ಫಿನ್ ಪಟ್ಟಿ ಎಳೆದ. ನಾನು ಕಾವಲು, ಅವನು ಕೆಲಸ. ಆಮೇಲೆ ಅದಲು ಬದಲು. ಎರಡು ನಿಮಿಷದಲ್ಲಿ ಮುಗಿಯಿತು. ಮುಖ ಕೆಳಗೆ ಹಾಕಿ ಈಜಿದ್ದೇ ತಡ, ಯಾರೋ ಮೆಲ್ಲಗೆ ಬೆನ್ನು ದೂಡಿದ ಹಾಗೆ ಓಣಿ ನಮ್ಮನ್ನು ಹೊರಗೆ ಕಳಿಸಿತು.

ಬೆನ್ನು ದೂಡಿದ ಹಾಗೆ ಯಾಕೆ ಅನಿಸಿತು ಅಂತ ಆಗ ಯೋಚಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಬಂಡೆ ಸಾಲುಗಳ ನಡುವೆ ಎಲ್ಲಿ ಆಳ ಜಾಸ್ತಿ ಇದೆಯೋ ಅಲ್ಲೇ ಅದು ಹೋಗೋದು. ಅಂದರೆ ನಮ್ಮ ಓಣಿಯಲ್ಲೇ. ಹೋಗುವಾಗ ನಮ್ಮನ್ನು ಹೊತ್ತುಕೊಂಡು ಹೋದ ನೀರು ಬರುವಾಗ ನಮ್ಮ ಎದುರಿಗೆ ಇರುತ್ತದೆ. ಇಳಿತದ ಹೊತ್ತಿಗೆ ಬಂಡೆಗಳ ನೆತ್ತಿ ನೀರಿನಿಂದ ಮೇಲೆದ್ದು, ಉಳಿದ ದಾರಿಯೆಲ್ಲ ಮುಚ್ಚಿ, ಓಣಿಯ ಸೆಳೆತ ಇನ್ನಷ್ಟು ಬಿಗಿಯಾಗಿತ್ತು.

ಸಮಸ್ಯೆ

ಸುರಕ್ಷತೆಗೆ ಎಂದಿನಂತೆ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದೆವು. ದಡ 60 ಮೀಟರ್ ದೂರ. ಸಿಲಿಂಡರ್‌ನಲ್ಲಿ ಉಳಿದ ಗಾಳಿಯನ್ನು ಅದರ ಒತ್ತಡದಿಂದ, ಬಾರ್ ಲೆಕ್ಕದಲ್ಲಿ ಅಳೆಯುತ್ತೇವೆ: ಹೊಸಬನ ಹತ್ತಿರ 60 ಬಾರ್, ನನ್ನ ಹತ್ತಿರ 80, ಉಳಿದಿಬ್ಬರಲ್ಲಿ ಅದಕ್ಕಿಂತ ಜಾಸ್ತಿ. ಮುಖ ಎತ್ತಿ ನೋಡಿದರೆ ನಾವು ಇಳಿದ ಜಾಗವೇ ಅಲ್ಲ ಅನ್ನಿಸಿತು. ಬೆಳಿಗ್ಗೆ ಕಾಣದಿದ್ದ ಬಂಡೆಗಳ ಬೆನ್ನು ಪಾಚಿ ಹೊದ್ದು ಹೊಳೆಯುತ್ತಿತ್ತು. ಓಣಿ ಇಕ್ಕಟ್ಟಾಗಿತ್ತು. ಅದರ ಬಾಯಲ್ಲಿ ಬಿಳಿ ನೊರೆ.

ಆಗಲೇ ಅಲೆಗಳ ಒಂದು ಗುಂಪು ನಮ್ಮ ಕೆಳಗಿಂದ ಹಾದುಹೋಯಿತು. ಆಳದ ನೀರಿನಲ್ಲಿ ತೇಲುತ್ತಿದ್ದವರಿಗೆ ಏನೂ ಗೊತ್ತಾಗೋದಿಲ್ಲ, ತೊಟ್ಟಿಲು ತೂಗಿದ ಹಾಗೆ ಮೇಲೆತ್ತಿ ಇಳಿಸುತ್ತದೆ. ಅದೇ ಅಲೆ ಇಪ್ಪತ್ತು ಮೀಟರ್ ಮುಂದೆ ಹೋಗಿ ಎದ್ದು ನಿಂತು ಮುರಿಯಿತು. ಅಲೆಯೊಂದು ಮುರಿಯೋದು ಸುಮಾರಾಗಿ ನೀರಿನ ಆಳ ಅದರ ಎತ್ತರದ 1.3 ಪಟ್ಟಿಗೆ ಇಳಿದಾಗ. 1 ಮೀಟರ್ ಅಲೆಯಾದರೆ 1.3 ಮೀಟರ್ ಆಳದಲ್ಲಿ. ಮನುಷ್ಯ ನಿಂತರೆ ಎದೆಮಟ್ಟ. ‘ಕಾಲು ಸಿಕ್ಕಿತು, ಇನ್ನು ನಿಲ್ಲಬಹುದು’ ಅಂತ ನಮಗೆ ಅನಿಸುವುದೂ ಸರಿಯಾಗಿ ಅದೇ ಜಾಗದಲ್ಲಿ.

ಹಿರಿಯರು ಕೈ ಎತ್ತಿ ತಡೀರಿ ಅಂದರು. ಅಲೆಯಿಂದ ಅಲೆಗೆ ಲೆಕ್ಕ ಹಾಕಿದರಂತೆ, 14 ಸೆಕೆಂಡ್. ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಅದರ ಅರ್ಥ ಆಗಿರಲಿಲ್ಲ. 7 ಸೆಕೆಂಡ್‌ಗೊಂದರಂತೆ ಬರುವ ಅಲೆಗಳು ಆಳ ಸಮುದ್ರದಲ್ಲಿ ಒಂದರಿಂದ ಒಂದು ಸುಮಾರು 75 ಮೀಟರ್ ದೂರ ಇರುತ್ತವೆ. 14 ಸೆಕೆಂಡಿನವು 300 ಮೀಟರ್. ಎತ್ತರ ಒಂದೇ ಕಂಡರೂ ಹಿಂದೆ ಬರುವ ನೀರಿನ ರಾಶಿ ಬೇರೆ. ಸಣ್ಣ ಗಾಳಿ ಅಲೆ ಕೆನ್ನೆಗೆ ಹೊಡೆದು ಬಿಡುತ್ತದೆ. ಇದು ಹಿಡಿದು ನೂಕುತ್ತಲೇ ಇರುತ್ತದೆ.

ಮೊದಲ ಪ್ರಯತ್ನ

ಗುಂಪು ಮುಗಿಯಿತು. ನೀರು ಸಪಾಟಾಯಿತು. ಹೊಸಬನ ಗಾಳಿ ಕಡಿಮೆ ಇದೆ, ಅವನನ್ನು ಬೇಗ ದಡ ಸೇರಿಸಬೇಕು ಅನ್ನೋದು ನನ್ನ ತಲೆಯಲ್ಲಿತ್ತು. “ಈಗ ಹೋಗೋಣ ಸಾರ್, ನಾನು ಮುಂದೆ” ಅಂದೆ. ಹಿರಿಯರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಇದನ್ನು ಓದಿದಾಗ ಅವರು ಹೇಳಿದ್ದು: “ಬೇಡ ಅನ್ನಬೇಕಿತ್ತು. ಏರ್ಪಾಡು ನಿಮ್ಮದು ಅಂತ ಸುಮ್ನಾದೆ.”

ನಾನು ಮುಂದೆ ಹೋಗಿ, ಹತ್ತಿ, ತಿರುಗಿ, ಅವನಿಗೆ ಕೈ ಕೊಡೋದು. ಲೆಕ್ಕ ಅಷ್ಟೇ. ಸೆಳೆತದ ಎದುರು ಈಜೋದು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ತಗೊಂಡಿತು. ಬಿಡುವಿನ ಅರ್ಧ ಅಲ್ಲೇ ಖರ್ಚಾಯಿತು. ಮೊಣಕಾಲ ನೀರಿಗೆ ಬಂದೆ. ಎರಡೂ ಫಿನ್ ಕಳಚಿ ಒಂದು ಕೈಗೆ ಸಿಕ್ಕಿಸಿಕೊಂಡೆ. ರೆಗ್ಯುಲೇಟರ್ ಉಗಿದೆ. ಮಾತಾಡೋಕೆ ಬೇಕಲ್ಲ, ಮಾಸ್ಕನ್ನೂ ಕುತ್ತಿಗೆಗೆ ಇಳಿಸಿದೆ. ಆಮೇಲೆ ಸಮುದ್ರದ ಕಡೆ ತಿರುಗಿದೆ.

ಹೊಸಬ ಸೊಂಟದ ನೀರಲ್ಲಿ ಎದ್ದು ನಿಂತಿದ್ದ, ಕಾಲಲ್ಲಿ ಫಿನ್ ಇದ್ದ ಹಾಗೇ. ನಿಂತವನು ಅಲ್ಲಾಡಲಿಲ್ಲ. 11 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದರೂ 14 ಕಿಲೋ ಹತ್ತಿರ ತೂಗುತ್ತದೆ. ಮುಳುಗೋಕೆ ಕಟ್ಟುವ ಸೀಸದ ಬೆಲ್ಟ್, ಬಿಸಿಡಿ, ರೆಗ್ಯುಲೇಟರ್, ನೀರು ಕುಡಿದ ಸೂಟ್ ಸೇರಿದರೆ ಇಪ್ಪತ್ತೈದರ ಆಸುಪಾಸು. ಅಷ್ಟೂ ಹೊತ್ತು ನೀರು ಹೊತ್ತಿದ್ದ ಭಾರ ನಿಂತ ಕ್ಷಣ ಸೊಂಟಕ್ಕೆ ಇಳಿಯುತ್ತದೆ. ಏಣಿ ಹತ್ತಿ ಅಭ್ಯಾಸ ಇದ್ದವನಿಗೆ ಇದು ಗೊತ್ತಿರಲಿಲ್ಲ. ಹೇಳಬೇಕಾದವನು ನಾನು, ಹೇಳಿರಲಿಲ್ಲ. ಎರಡು ಹೆಜ್ಜೆ ವಾಪಸ್ ನೀರಿಗಿಳಿದು ಅವನ ಮುಂಗೈ ಹಿಡಿದೆ.

ಅವನ ತಲೆಯ ಹಿಂದೆ ನೀರು ಕಪ್ಪಾಗಿ ಎದ್ದದ್ದು ಕಂಡಿತು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಅಲೆ ಅವನನ್ನು ಎತ್ತಿ ನನ್ನ ಮೇಲೆ ಹಾಕಿತು. ಅವನ ಸಿಲಿಂಡರ್‌ನ ಬುಡ ನನ್ನ ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ಪಾದ ಎರಡು ಕಲ್ಲಿನ ನಡುವೆ ಸಿಕ್ಕಿ ತಿರುಚಿತು. ಫಿನ್ ಕೈಬಿಟ್ಟಿತು. ಬಾಯಿ ತೆರೆದಿತ್ತು, ಉಪ್ಪುನೀರು ಒಳಗೆ. ರೆಗ್ಯುಲೇಟರ್ ಎಲ್ಲೋ ಬೆನ್ನ ಹಿಂದೆ ನೇತಾಡುತ್ತಿತ್ತು. ತಡಕಿದೆ, ಸಿಗಲಿಲ್ಲ.

ನೀರು ಸ್ವಲ್ಪ ಇಳಿದಾಗ ನೋಡುತ್ತೇನೆ, ಹೊಸಬ ನನ್ನ ಪಕ್ಕದಲ್ಲಿ ಮಂಡಿಯೂರಿ ಕೈಯೂರಿ ಆರಾಮಾಗಿ ಉಸಿರಾಡುತ್ತಿದ್ದಾನೆ. ಹೆದರಿದ್ದ, ಅದಕ್ಕೇ ಏನನ್ನೂ ಕಳಚಿರಲಿಲ್ಲ. ಮಾಸ್ಕ್ ಮುಖದಲ್ಲಿ, ರೆಗ್ಯುಲೇಟರ್ ಬಾಯಲ್ಲಿ. ನಾನು ಕೆಮ್ಮುತ್ತಾ ಕೈ ಆಡಿಸುತ್ತಿದ್ದದ್ದು ಅವನಿಗೆ ಕಂಡಿತು. ತನ್ನ ಎದೆಯ ಮೇಲಿದ್ದ ಹಳದಿ ಆಕ್ಟೋಪಸ್, ಅಂದರೆ ಜೊತೆಗಾರನಿಗೆ ಅಂತ ಇರುವ ಎರಡನೇ ರೆಗ್ಯುಲೇಟರ್, ಕಿತ್ತು ನನ್ನ ಬಾಯಿಗೆ ಒತ್ತಿದ. ಆ ಉಸಿರು ಅವನ 60 ಬಾರ್‌ನದು. ಎರಡು ಸಲ ಎಳೆದುಕೊಂಡೆ. ಮೂರನೆಯದಕ್ಕೆ ಮುಂದಿನ ಅಲೆ ನಮ್ಮಿಬ್ಬರನ್ನು ಬೇರೆ ಮಾಡಿತು. ಅದು ನನ್ನನ್ನು ಕಲ್ಲು ದಡಕ್ಕೆ ಎಸೆಯಿತು. ವಾಪಸ್ ಹೋಗುವ ನೀರು ಅವನನ್ನು ಓಣಿಯಿಂದ ಹೊರಗೆ ಎಳೆದುಕೊಂಡು ಹೋಯಿತು.

ಎರಡು ತಿರುವು

ಮೊದಲನೆಯದು ಹಿರಿಯರ ನಿರ್ಧಾರ. ಹೊಸಬ ನೊರೆಯಲ್ಲಿ ಉರುಳುತ್ತಿರುವುದು ಅವರಿಗೆ ಕಾಣುತ್ತಿತ್ತು. ಅವರು ಒಳಗೆ ನುಗ್ಗಲಿಲ್ಲ. ಅಲೆ ಮುರಿಯುವ ಗೆರೆಯ ಆಚೆಗೇ, ಓಣಿಯ ಬಾಯಿಗೆ ಎದುರಾಗಿ ಕಾದರು. ಸೆಳೆತ ಹೊರಗೆ ಬರುತ್ತಿದೆ, ಹುಡುಗನನ್ನು ಅದೇ ತರುತ್ತದೆ ಅಂತ ಅವರ ಲೆಕ್ಕ. ಅರ್ಧ ನಿಮಿಷ ಆಗಿರಬಹುದು. ಮೇಡಂಗೆ ಅದು ಅರ್ಧ ಗಂಟೆ ಅನಿಸಿತಂತೆ. ಹುಡುಗ ಹತ್ತಿರ ಬಂದದ್ದೇ ಸಿಲಿಂಡರ್‌ನ ಕುತ್ತಿಗೆ ಹಿಡಿದು, ಅವನ ಬಿಸಿಡಿಗೆ ತಾವೇ ಗಾಳಿ ತುಂಬಿ, ಅಂಗಾತ ಮಾಡಿ ಮೂವತ್ತು ಮೀಟರ್ ಹೊರಗೆ ಎಳೆದೊಯ್ದರು. ಅಲ್ಲಿ ನೀರು ತೊಟ್ಟಿಲಿನಂತೆಯೇ ಇತ್ತು. ಅವರು ಒಳಗೆ ಬಂದಿದ್ದರೆ ಬಂಡೆಯ ಮೇಲೆ ಮೂವರಿರುತ್ತಿದ್ದೆವು, ಅದರಲ್ಲಿ ಒಬ್ಬರಿಗೆ ಮೊದಲೇ ಮಂಡಿ ಸರಿ ಇಲ್ಲ.

ಎರಡನೆಯದು ಒಂದು ತಮಾಷೆಯ ಎಡವಟ್ಟು. ಆಗ ತಮಾಷೆ ಅನಿಸಿರಲಿಲ್ಲ ಬಿಡಿ. ನಾನು ತೆವಳಿ ಮೇಲೆ ಬಂದು, ಸಿಲಿಂಡರ್ ಇಳಿಸಿ, ಒಂದು ಎತ್ತರದ ಕಲ್ಲು ಹತ್ತಿದೆ. ಅಲ್ಲಿಂದ ಸಮುದ್ರ ಪೂರ್ತಿ ಕಾಣುತ್ತಿತ್ತು. ದೂರದಿಂದ ಬರುವ ಗುಂಪೂ ಕಾಣುತ್ತಿತ್ತು. ನೀರಿನ ಮಟ್ಟದಲ್ಲಿ ಕಣ್ಣಿರುವ ಅವರಿಗೆ ಅದು ಕಾಣೋದಿಲ್ಲ. ಬಿಡುವು ಬಂದಾಗ ‘ಬನ್ನಿ ಬನ್ನಿ’ ಅಂತ ಒಂದು ಕೈ ಎತ್ತಿ ಬೀಸಿದೆ. ಡೈವರ್‌ಗಳ ಭಾಷೆಯಲ್ಲಿ ಒಂದು ಕೈ ಎತ್ತಿ ಬೀಸಿದರೆ ‘ನನಗೆ ಸಹಾಯ ಬೇಕು’ ಅಂತ. ಹಿರಿಯರು ನನಗೇನೋ ಆಗಿದೆ ಅಂತ ನೇರ ಓಣಿಯ ಕಡೆ ಈಜೋಕೆ ಶುರು ಮಾಡಿದರು. ನನಗೆ ಎರಡು ಕ್ಷಣ ಬೇಕಾಯಿತು ಅರ್ಥವಾಗೋಕೆ. ತಕ್ಷಣ ಎರಡೂ ಕೈ ತಲೆಯ ಮೇಲೆ ಸೇರಿಸಿ ದೊಡ್ಡ ಸೊನ್ನೆ ಮಾಡಿದೆ: ನಾನು ಸರಿಯಾಗಿದ್ದೇನೆ. ಅವರು ನಿಂತರು. ವಾಪಸ್ ಅದೇ ಸೊನ್ನೆ ತೋರಿಸಿದರು.

ಆಮೇಲೆ ತೋಳು ಚಾಚಿ ಗುಡ್ಡದ ಮೂಗಿನ ಕಡೆ ತೋರಿಸಿದರು. ಓಣಿ ಕೈಬಿಟ್ಟಾಯಿತು. ಇನ್ನೊಂದು ಸಲ ಅಲ್ಲೇ ಪ್ರಯತ್ನಿಸಬಹುದಿತ್ತಲ್ವಾ ಅಂತ ನಾನು ಆಮೇಲೆ ಕೇಳಿದೆ. “ಒಂದು ಸಲ ಬೀಳಿಸಿದ ಜಾಗ ಎರಡನೇ ಸಲ ಬಿಡುತ್ತೆ ಅಂತ ಯಾಕೆ ಅಂದ್ಕೋಬೇಕು? ನೀರು ಇನ್ನೂ ಇಳೀತಾ ಇತ್ತು.”

ಮರಳ ದಂಡೆ

ಮೂವರೂ ಬಿಸಿಡಿ ತುಂಬಿ, ಅಂಗಾತ ಮಲಗಿ, ಅಲೆ ಮುರಿಯುವ ಗೆರೆಯಿಂದ ದೂರ ಉಳಿದು 300 ಮೀಟರ್ ಈಜಿದರು. ಇಪ್ಪತ್ತು ನಿಮಿಷ ಹಿಡಿಯಿತು. ಹೊಸಬ ನಡುವೆ. ಅವನ ರೆಗ್ಯುಲೇಟರ್ ತೆಗೆಸಿ, ಉಳಿದ 40 ಬಾರ್ ಚಿಲ್ಲರೆಯನ್ನು ಹೊರಬರುವಾಗಿನ ಕೆಲಸಕ್ಕೆ ಎತ್ತಿಟ್ಟರು. ಮೇಡಂ ಕ್ಯಾಮೆರಾ ಕೈಯಿಂದ ಬಿಟ್ಟು ಎದೆಯ ಕೊಂಡಿಗೆ ಗಿಡ್ಡವಾಗಿ ಬಿಗಿದುಕೊಂಡರು. “ಒಡೆದರೆ ಒಡೆಯಲಿ ಅನ್ನೋಕೆ ಹತ್ತು ನಿಮಿಷ ಬೇಕಾಯ್ತು” ಅಂತ ಆಮೇಲೆ ಒಪ್ಪಿಕೊಂಡರು. ನಾನು ದಡದ ಮೇಲೆ ಕುಂಟುತ್ತಾ ಅವರಿಗೆ ಸಮನಾಗಿ ಹೋದೆ.

ಗುಡ್ಡದ ಮರೆಯಲ್ಲಿ ಅಲೆ ಅರ್ಧಕ್ಕೆ ಇಳಿದಿತ್ತು. ತಳ ಮರಳು, ಇಳಿಜಾರು ಮೆಲ್ಲಗೆ. ಆದರೂ ಹಿರಿಯರು ನೇರ ಬರಲಿಲ್ಲ. ಹೊರಗೇ ನಿಂತು ನನ್ನ ಕಡೆ ನೋಡಿದರು. ನಾನು ಎತ್ತರದಲ್ಲಿ ನಿಂತು ಎಣಿಸಿದೆ. ಒಂದು ಗುಂಪು ಬಂತು, ಆರು ಅಲೆ. ಇನ್ನೊಂದು ಬರುವ ತನಕ ಕಾದೆ. ಅದೂ ಆರು, ಏಳನೆಯದು ಸಣ್ಣದು. ಏಳನೆಯದರ ಬೆನ್ನು ದಾಟುತ್ತಿದ್ದ ಹಾಗೆ ತಲೆಯ ಮೇಲೆ ಸೊನ್ನೆ ಮಾಡಿದೆ.

ಒಬ್ಬೊಬ್ಬರಾಗಿ ಬಂದರು, ನಡುವೆ ಸಾಕಷ್ಟು ಜಾಗ ಬಿಟ್ಟು. ಮೊದಲು ಹೊಸಬ. ಎಲ್ಲವೂ ಹಾಕಿದ್ದ ಹಾಗೇ ಇತ್ತು: ಮಾಸ್ಕ್, ರೆಗ್ಯುಲೇಟರ್, ಫಿನ್. ನಾಲ್ಕು ಸಲ ಕಾಲು ಬಡಿದು ಒಂದು ಸಲ ಹಿಂದೆ ನೋಡು ಅಂತ ಹಿರಿಯರು ಹೇಳಿಕೊಟ್ಟಿದ್ದರು. ಮರಳು ಹೊಟ್ಟೆಗೆ ತಾಗುವ ತನಕ ಈಜಿದ. ನಿಲ್ಲಲಿಲ್ಲ. ಅಂಬೆಗಾಲಿಟ್ಟ. ಒಂದು ಸಣ್ಣ ಅಲೆ ಬಂತು, ಬೆರಳು ಮರಳಿಗೆ ಊರಿ ತಲೆ ತಗ್ಗಿಸಿದ. ಅದು ದಾಟಿತು, ಮತ್ತೆ ನಾಲ್ಕು ಹೆಜ್ಜೆ ತೆವಳಿದ.

ಈ ಸಲ ನಾನು ಅವನ ಎದುರು ನಿಲ್ಲಲಿಲ್ಲ. ಎದುರು ನಿಂತವನ ಮೇಲೆ ಅಲೆ ಅವನನ್ನು ಎಸೆಯುತ್ತದೆ ಅಂತ ಕಾಲು ಆಗಲೇ ಕಲಿತಿತ್ತು. ಪಕ್ಕದಿಂದ ಹೋದೆ, ಮೊಣಕಾಲಿಗಿಂತ ಕೆಳಗಿನ ನೀರಿನವರೆಗೆ ಮಾತ್ರ. ಮೈಮೇಲೆ ಭಾರ ಏನೂ ಇರಲಿಲ್ಲ. ಅಲೆ ದಡದ ಕಡೆ ದೂಡುವಾಗ ಬಿಸಿಡಿಯ ಹೆಗಲ ಹಿಡಿ ಹಿಡಿದು ಎಳೆದೆ. ನೀರು ವಾಪಸ್ ಹೋಗುವಾಗ ಎಳೆಯದೆ ಸುಮ್ಮನೆ ಹಿಡಿದುಕೊಂಡಿದ್ದೆ. ಎರಡು ಸಲ ಹೀಗೆ ಮಾಡಿದ್ದಕ್ಕೆ ಒಣ ಮರಳು ಸಿಕ್ಕಿತು. “ಅಣ್ಣಾ, ಈಗ ಬಾಯಿಂದ ತೆಗೀಬಹುದಾ?” ಅನ್ನೋದನ್ನು ಅವನು ಕೈಸನ್ನೆಯಲ್ಲೇ ಕೇಳಿದ. ತೆಗೆದ ಮೇಲೆ ಗೇಜ್ ನೋಡಿದೆವು, 30 ಬಾರ್.

ಕಿಟ್ ಕಳಚಿದ್ದೇ ಅವನು ಎರಡನೇ ದಡದಾಳು ಆದ. ನನ್ನ ಕಾಲು ಅಷ್ಟು ಹೊತ್ತಿಗೆ ಊದಿಕೊಂಡು ಬೂಟಿನೊಳಗೆ ಬಿಗಿಯಾಗಿತ್ತು. ಹಿರಿಯರನ್ನು ಎಳೆದವನು ಅವನೇ. ಹಿರಿಯರಂತೂ ನೀರು ಮಣಿಕಟ್ಟಿಗೆ ಇಳಿಯುವ ತನಕ ಮಂಡಿ ಎತ್ತಲೇ ಇಲ್ಲ. ಕೊನೆಗೆ ಮೇಡಂ. ಗಟ್ಟಿ ಈಜುಗಾರ್ತಿ ಕೊನೆಗೆ ಉಳಿಯಲಿ ಅನ್ನೋದು ಹೊರಗಡೆಯೇ ತೀರ್ಮಾನವಾಗಿತ್ತು. ಕ್ಯಾಮೆರಾದ ಗಾಜಿನ ಮೇಲೆ ಒಂದು ಗೀರು, ಅಷ್ಟೇ.

ನನ್ನ ಕಾಲಿಗೆ ನಾಲ್ಕು ಹೊಲಿಗೆ, ಉಳುಕಿಗೆ ಮೂರು ವಾರ. ಒಂದು ಫಿನ್ ಸಮುದ್ರದ ಪಾಲಾಯಿತು.

ಕೂತು ಮಾತಾಡಿದ್ದು

ಅದೇ ವಾರ ನಾಲ್ವರೂ ಕೂತೆವು. ಮೊದಲ ಅರ್ಧ ಗಂಟೆ ಅಲೆ, ಉಬ್ಬರ, ತಡವಾದದ್ದು ಇದರ ಬಗ್ಗೆಯೇ ಹೋಯಿತು. ಅವೆಲ್ಲ ಸರಿ ಮಾಡಿಕೊಳ್ಳೋಕೆ ಸುಲಭ. ಈಗ ಸೂಟ್ ಹಾಕುವ ಮೊದಲೇ ಇಪ್ಪತ್ತು ನಿಮಿಷ ಕೂತು ಎಣಿಸುತ್ತೇವೆ, ಕನಿಷ್ಠ ಎರಡು ಗುಂಪು ಕಾಣುವ ತನಕ. ಉಬ್ಬರದ ಪಟ್ಟಿಯನ್ನು ಇಳಿಯುವ ಹೊತ್ತಿಗೆ ಹೊಂದಿಸೋದಿಲ್ಲ, ಹತ್ತುವ ಹೊತ್ತಿಗೆ ಹೊಂದಿಸುತ್ತೇವೆ. ಎರಡನೇ ದಾರಿಗೆ ಯಾರಾದರೊಬ್ಬರು ನಡೆದು ಹೋಗಿ ಬರುತ್ತಾರೆ. ಅಲೆ ಮುರಿಯುವ ಜಾಗಕ್ಕೆ ಬಂದಾಗ ಎಲ್ಲರ ಹತ್ತಿರ 70 ಬಾರ್ ಇರಬೇಕು. ಮೇಲೆ ಬಂದ ಮೇಲೆ ಗಾಳಿ ಬೇಡ ಅನ್ನೋದು ದೋಣಿಯ ಲೆಕ್ಕ.

ಹೊತ್ತು ಹಿಡಿದದ್ದು ಕೈ ಕೊಟ್ಟದ್ದರ ಬಗ್ಗೆ. ನಾನು ಮಾಡಿದ್ದು ಸಹಜವೇ. ಮೊದಲು ಹತ್ತಿದವನು ತಿರುಗಿ ಹಿಂದಿನವನಿಗೆ ಕೈ ಕೊಡೋದು ಎಲ್ಲರೂ ಮಾಡೋದೇ. ಆದರೆ ಆ ಕ್ಷಣದಲ್ಲಿ ನಾನು ಏನಾಗಿದ್ದೆ ಅಂತ ಮೇಡಂ ಬಿಡಿಸಿ ಹೇಳಿದರು. ಡೈವರ್ ಆಗಿ ಉಳಿದಿರಲಿಲ್ಲ, ಉಸಿರಿಗೆ ಗಾಳಿ ಇಲ್ಲ, ಕಣ್ಣಿಗೆ ಮಾಸ್ಕ್ ಇಲ್ಲ, ಕಾಲಿಗೆ ಫಿನ್ ಇಲ್ಲ. ದಡದವನೂ ಆಗಿರಲಿಲ್ಲ, ಬೆನ್ನ ಮೇಲೆ ಪೂರ್ತಿ ಭಾರ ಇತ್ತು. “ನೀವು ಅರ್ಧ ಕಳಚಿದ್ರಿ. ಹೊಸಬ ಪೂರ್ತಿ ಹಾಕಿದ್ದ. ಆ ಹೊತ್ತಿಗೆ ಅವನೇ ನಿಮಗಿಂತ ವಾಸಿ.” ಹೊಸಬ ನೆಲ ನೋಡುತ್ತಾ ಕೂತಿದ್ದ.

ಹಾಗಾಗಿ ಈಗ ಎರಡೇ ಬಗೆ. ಸಹಾಯ ಮಾಡುವವರು ಒಂದೋ ಎಲ್ಲವನ್ನೂ ಹಾಕಿಕೊಂಡು ನೀರಿನಲ್ಲೇ ಇರಬೇಕು, ಇಲ್ಲ ಕಿಟ್ ಎಲ್ಲವನ್ನೂ ಒಣ ಜಾಗದಲ್ಲಿ ಕಳಚಿ, ಮೈಮೇಲೆ ಭಾರ ಇಲ್ಲದೆ ಬರಬೇಕು. ಮೊದಲು ಹೊರಬಂದವರಿಗೆ ನೀರಿನ ಅಂಚಿನಲ್ಲಿ ನಿಂತು ತಿರುಗುವ ಅನುಮತಿ ಇಲ್ಲ. ಮೇಲೆ ಹೋಗಿ, ಕಿಟ್ ಇಳಿಸಿ, ಆಮೇಲೆ ಬನ್ನಿ. ಹಿಂದಿನವರು ಅಷ್ಟು ಹೊತ್ತು ಹೊರಗೆ ತೇಲುತ್ತಾ ಕಾಯುತ್ತಾರೆ. ಕಾಯೋದು ಕಷ್ಟ ಏನಲ್ಲ, ಅವಸರ ನಮ್ಮದು.

ಇಳಿಯುವಾಗ ನಾವು ಸರಿಯಾಗಿ ಮಾಡಿದ್ದನ್ನು ಹತ್ತುವಾಗ ಮರೆತೆವು ಅನ್ನೋದನ್ನು ಗಮನಿಸಿದವನು ಹೊಸಬ. “ಹೋಗುವಾಗ ನೀವು ಸಮುದ್ರ ನೋಡ್ತಾ ಇದ್ರಿ ಅಣ್ಣ. ಬರುವಾಗ ಇಬ್ಬರೂ ಕೈ ನೋಡ್ತಾ ಇದ್ವಿ.” ಈಗ ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರ ಕಣ್ಣು ನೀರಿನ ಮೇಲೇ. ‘ಅಲೆ’ ಅಂತ ಕೂಗಿದರೆ ಕೈಯಲ್ಲಿ ಏನಿದ್ದರೂ ಬಿಟ್ಟು ತಗ್ಗುತ್ತೇವೆ. ದಡದಿಂದ ತೋರಿಸುವ ಸನ್ನೆ ಮೂರೇ: ತಲೆ ಮೇಲೆ ಸೊನ್ನೆ ಅಂದರೆ ಬನ್ನಿ, ಎರಡೂ ಕೈ ಅಡ್ಡ ಕತ್ತರಿ ಹಾಕಿದರೆ ಅಲ್ಲೇ ಇರಿ, ಒಂದು ತೋಳು ಅಡ್ಡ ಚಾಚಿದರೆ ಆ ಕಡೆ ಹೋಗಿ. ಸೊನ್ನೆಗೆ ನಾವು ಕೊಟ್ಟ ಅರ್ಥ ಎಲ್ಲರದಲ್ಲ, ಅದಕ್ಕೇ ಪ್ರತಿ ಸಲ ಇಳಿಯುವ ಮೊದಲು ಒಮ್ಮೆ ಮಾಡಿ ತೋರಿಸುತ್ತೇವೆ. ಕೈ ಬೀಸೋದು ಪೂರ್ತಿ ಬಂದ್.

ಒಂದು ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಫಿನ್ ಒಣ ನೆಲದ ತನಕ ಕಾಲಲ್ಲೇ ಇರಬೇಕು ಅಂತ ಹಿರಿಯರು. ಅಲೆ ಎಳೆದುಕೊಂಡು ಹೋದರೆ ಈಜೋಕೆ ಬೇರೆ ಏನಿದೆ ಅಂತ ಅವರ ವಾದ, ಮರಳಿನಲ್ಲಿ ನಾನೂ ಒಪ್ಪುತ್ತೇನೆ. ಕಡಿದಾದ ಕಲ್ಲು ದಡದಲ್ಲಿ ಅಂಬೆಗಾಲಿಡೋಕೇ ಆಗೋದಿಲ್ಲ, ಅಲ್ಲಿ ಅಲೆ ಮುರಿಯುವ ಗೆರೆಯ ಆಚೆಗೇ ಫಿನ್ ಕಳಚಿ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಂಡು, ಒಂದೇ ಬಿಡುವಿನಲ್ಲಿ ನಡೆದು ಹತ್ತಬೇಕು ಅಂತ ಮೇಡಂ. ಕಳೆದ ತಿಂಗಳು ಮರಳ ದಡಕ್ಕೆ ಹೋಗಿದ್ದೆವು, ಹಿರಿಯರು ಹೇಳಿದ ಹಾಗೆ ಮಾಡಿದೆವು. ಮುಂದಿನದು ಕಲ್ಲು ದಡ. ಹೊಸಬ ಈಗಲೇ ಕೇಳುತ್ತಿದ್ದಾನೆ, ಅಲ್ಲಿ ಮೊದಲು ಹೊರಬರುವವರು ಯಾರು ಅಂತ.